ಹಡಗಿನವರ ಪ್ರವಾಸ ಕೊಳ್ಳದೆ ಹವಳದ ದಂಡೆ ನೋಡಲು ಆಗುತ್ತದೆಯೇ?

ಪ್ರಶ್ನೆ: ನಾನು ಧಾರವಾಡದ ಸಪ್ತಾಪುರದಲ್ಲಿರುವ ನಿವೃತ್ತ ಶಿಕ್ಷಕಿ. ಹ್ಯೂಸ್ಟನ್‌ನಲ್ಲಿರುವ ಮಗಳು ಮತ್ತು ಅಳಿಯ ಬರುವ ಡಿಸೆಂಬರಿನಲ್ಲಿ ನಮ್ಮಿಬ್ಬರನ್ನು ಟೆಕ್ಸಾಸಿನ ಗ್ಯಾಲ್ವೆಸ್ಟನ್‌ನಿಂದ ಹೊರಡುವ ಏಳು ದಿನಗಳ ಕ್ರೂಸಿಗೆ ಕರೆದೊಯ್ಯಲಿದ್ದಾರೆ. ಹಡಗು ಹೊಂಡುರಾಸಿನ ರೊವಾಟಾನ್, ಮೆಕ್ಸಿಕೊದ ಕೋಸ್ಟಾ ಮಾಯಾ ಮತ್ತು ಕೊಝುಮೆಲ್ ಬಂದರುಗಳಲ್ಲಿ ಒಂದೊಂದು ಹಗಲು ನಿಲ್ಲುತ್ತದೆ. ಮಾಸ್ಕು, ಉಸಿರುಕೊಳವೆ ಹಾಕಿ ಮುಖವನ್ನು ನೀರಿಗಿಟ್ಟು ತೇಲುತ್ತ ಹವಳ, ಮೀನು ನೋಡುವ ಸ್ನಾರ್ಕೆಲಿಂಗ್ ಪ್ರವಾಸಕ್ಕೆ ಹಡಗಿನವರು ತಲೆಗೆ 79 ಡಾಲರ್ ಕೇಳುತ್ತಾರಂತೆ. ಮೊಮ್ಮಗನೂ ಸೇರಿ ನಾವು ಐವರು. ಮಕ್ಕಳ ಮೇಲೆ ಅಷ್ಟು ಭಾರ ಹಾಕಲು ಮನಸ್ಸಿಲ್ಲ. ನಾವೇ ದಂಡೆಗೆ ಹೋಗಿ ಕಡಿಮೆ ಖರ್ಚಿನಲ್ಲಿ ನೋಡಿ ಬರಬಹುದೇ? ನನಗೆ 61 ವರ್ಷ, ಹಾವೇರಿ ಜಿಲ್ಲೆಯ ವರದಾ ನದಿ ದಂಡೆಯ ಊರಿನವಳಾದ್ದರಿಂದ ಈಜು ಬರುತ್ತದೆ. ಯಜಮಾನರಿಗೆ 66, ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಾರೆ, ಈಜು ಬಾರದು. ಮೊಮ್ಮಗನಿಗೆ 11.

ಉತ್ತರ: ಮಾನ್ಯರೇ, ಆಗುತ್ತದೆ. ನೀವು ಹೇಳಿದ ಮೂರು ಬಂದರುಗಳ ಪೈಕಿ ಎರಡರಲ್ಲಿ ದೋಣಿ ಹತ್ತದೆ, ದಂಡೆಯಿಂದಲೇ ನೀರಿಗಿಳಿದು ಹವಳ ನೋಡಬಹುದು. ಮೂರನೆಯದರಲ್ಲಿ ಆ ಪ್ರಯತ್ನ ಬೇಡ. ನಾನು ಹುಬ್ಬಳ್ಳಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಈಜು ಕಲಿಸುತ್ತಿದ್ದೇನೆ, ಪ್ರತಿ ಚಳಿಗಾಲದಲ್ಲಿ ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ತಂಡಗಳನ್ನು ಕರೆದೊಯ್ಯುತ್ತೇನೆ, ಮತ್ತು ಟೆಕ್ಸಾಸಿನಲ್ಲಿರುವ ತಮ್ಮನ ಮನೆಗೆ ಹೋದಾಗ ಎರಡು ಸಲ ಇದೇ ಹಡಗುದಾರಿಯಲ್ಲಿ ಪ್ರಯಾಣ ಮಾಡಿದ್ದೇನೆ. ಆ ಅನುಭವದಿಂದ ಖಚಿತವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಈ ಖರ್ಚನ್ನು ತಗ್ಗಿಸುವ ಕೆಲಸ ಮುಕ್ಕಾಲು ಪಾಲು ಧಾರವಾಡದಲ್ಲೇ, ಹೊರಡುವ ಮುಂಚಿನ ಒಂದು ತಿಂಗಳಲ್ಲಿ ಮುಗಿಯಬೇಕು. ಹಡಗಿನವರು 79 ಡಾಲರಿಗೆ ಕೊಡುವುದು ಒಂದು ವಾಹನ, ಒಂದು ಮಾಸ್ಕು ಮತ್ತು ನೀರಿನಲ್ಲಿ ಪಕ್ಕಕ್ಕೊಬ್ಬ ಮನುಷ್ಯ. ವಾಹನ ಅಲ್ಲಿ ಅಗ್ಗವಾಗಿ ಸಿಗುತ್ತದೆ, ಮಾಸ್ಕನ್ನು ಇಲ್ಲಿಂದ ಒಯ್ಯಬಹುದು. ಪಕ್ಕದ ಮನುಷ್ಯನ ಅಗತ್ಯ ಎಷ್ಟು ಕಡಿಮೆಯಾಗುತ್ತದೆ ಎಂಬುದು ನೀವು ಐವರೂ ಮುಖವನ್ನು ನೀರಿಗಿಟ್ಟು ನೆಮ್ಮದಿಯಾಗಿ ಉಸಿರಾಡುವುದನ್ನು ಎಷ್ಟು ಚೆನ್ನಾಗಿ ರೂಢಿಸಿಕೊಂಡಿದ್ದೀರಿ ಎಂಬುದರ ಮೇಲೆ ನಿಂತಿದೆ.

ಹವಳ ನೋಡಬೇಕಾದರೆ ದೋಣಿಯಲ್ಲಿ ದೂರ ಹೋಗಲೇಬೇಕು ಎಂಬ ಭಾವನೆ ನಮ್ಮ ಭಾಗದವರಲ್ಲಿ ಗಟ್ಟಿಯಾಗಿದೆ. ಅದಕ್ಕೆ ಕಾರಣವೂ ಇದೆ. ನಮಗೆ ಹತ್ತಿರದ ಕಡಲೆಂದರೆ ಉತ್ತರ ಕನ್ನಡದ್ದು. ಅಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳು ಮಳೆಗಾಲವಿಡೀ ಘಟ್ಟದ ಮಣ್ಣನ್ನು ಹೊತ್ತು ತಂದು ಕಡಲಿಗೆ ಸುರಿಯುತ್ತವೆ. ದಂಡೆಯ ನೀರು ಕದಡಿ, ಹವಳಕ್ಕೆ ಬೇಕಾದ ಬೆಳಕು ತಳಕ್ಕೆ ಮುಟ್ಟುವುದಿಲ್ಲ. ಆದ್ದರಿಂದಲೇ ತಿಳಿನೀರಿಗಾಗಿ ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿಯವರೆಗೆ ಹೋಗಬೇಕಾಗುತ್ತದೆ. ಕೆರಿಬಿಯನ್ ಕಡಲಿನ ಈ ಭಾಗದ ಸ್ಥಿತಿ ಬೇರೆ. ಕೊಝುಮೆಲ್ ದ್ವೀಪವೂ ಅದರ ಎದುರಿನ ಯುಕಟಾನ್ ನೆಲವೂ ಸುಣ್ಣಕಲ್ಲಿನವು. ಬಿದ್ದ ಮಳೆ ಬಂಡೆಯೊಳಗೆ ಇಂಗಿ ನೆಲದಡಿಯಲ್ಲೇ ಹರಿಯುತ್ತದೆ, ಮಣ್ಣು ತರುವ ನದಿಯೇ ಇಲ್ಲ. ಯುಕಟಾನ್‌ನಿಂದ ಹೊಂಡುರಾಸಿನ ರೊವಾಟಾನ್ ತನಕ ಸುಮಾರು 1,000 ಕಿಲೋಮೀಟರ್ ಉದ್ದಕ್ಕೆ ಹಬ್ಬಿರುವ ಹವಳಸಾಲು ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಬಿಟ್ಟರೆ ಜಗತ್ತಿನಲ್ಲೇ ದೊಡ್ಡದು. ಆ ಸಾಲು ಕೆಲವೆಡೆ ದಂಡೆಯಿಂದ ನೂರು ಮಾರಿನೊಳಗೇ ಬರುತ್ತದೆ. ಅಂಥ ಜಾಗ ಯಾವುದೆಂದು ಗೊತ್ತಿದ್ದರೆ ದೋಣಿಯ ದುಡ್ಡು ಉಳಿಯುತ್ತದೆ.

ಅಂಥ ಜಾಗವನ್ನು ನಕಾಶೆಯಲ್ಲಿ ಗುರುತಿಸುವುದು ಕಷ್ಟವಲ್ಲ. ಆ ಕಡಲಿನಲ್ಲಿ ವರ್ಷದ ಬಹುಪಾಲು ಗಾಳಿ ಪೂರ್ವದಿಂದ ಬೀಸುತ್ತದೆ. ಆದ್ದರಿಂದ ದ್ವೀಪದ ಪೂರ್ವ ದಂಡೆಗೆ ಅಲೆಗಳ ಹೊಡೆತ, ಪಶ್ಚಿಮ ದಂಡೆಗೆ ದ್ವೀಪದ್ದೇ ಮರೆ. ಕೊಝುಮೆಲ್‌ನ ಪೂರ್ವ ದಂಡೆ ನೋಡಲು ಸುಂದರ, ಆದರೆ ಅಲ್ಲಿಯ ಸೆಳವು ಪ್ರಾಣಾಂತಿಕ, ನೀರಿಗೆ ಇಳಿಯಲೇಬಾರದು. ಮಗಳಿಗೆ ಹೇಳಿ ಉಪಗ್ರಹ ಚಿತ್ರದಲ್ಲಿ ಪಶ್ಚಿಮ ದಂಡೆಯನ್ನು ದೊಡ್ಡದು ಮಾಡಿ ನೋಡಿರಿ. ತಿಳಿ ಹಸಿರು ನೀರಿನ ನಡುವೆ ದಂಡೆಗೆ ಹತ್ತಿರ ಕಂದು ಮಚ್ಚೆಗಳಿದ್ದರೆ ಅದು ಹವಳ ಅಥವಾ ಕಡಲಹುಲ್ಲು. ಮಚ್ಚೆ ಒರಟಾಗಿ, ತುಂಡುತುಂಡಾಗಿ, ಬಂಡೆಯ ತುದಿಗೆ ಅಂಟಿಕೊಂಡಂತಿದ್ದರೆ ಹವಳವಿರುವ ಸಂಭವ ಹೆಚ್ಚು. ಹಾಸಿದ ಕಂಬಳಿಯಂತೆ ಒಂದೇ ಸಮನಾಗಿದ್ದರೆ ಅದು ಬಹುತೇಕ ಹುಲ್ಲು. ಉದ್ದನೆಯ ಬಿಳಿ ಮರಳಿನ ದಂಡೆಯ ನಟ್ಟನಡುವೆ ಮೀನುಗಳು ಕಡಿಮೆ. ಅವು ಸೇರುವುದು ಕಲ್ಲಿರುವಲ್ಲಿ, ಅಂದರೆ ಕೊಲ್ಲಿಯ ಎರಡು ತುದಿಗಳಲ್ಲಿ.

ಈ ಲೆಕ್ಕದಲ್ಲಿ ನಿಮ್ಮ ಪಯಣದ ಚಿನ್ನದಂಥ ಜಾಗ ರೊವಾಟಾನ್‌ನ ವೆಸ್ಟ್ ಬೇ. ನೀವು ಒಂದೇ ಒಂದು ಬಂದರಿನಲ್ಲಿ ಸ್ನಾರ್ಕೆಲಿಂಗ್ ಮಾಡುವುದಾದರೆ ಇಲ್ಲೇ ಮಾಡಿರಿ ಎಂಬುದು ನನ್ನ ಸಲಹೆ. ಮೂರೂ ಕಡೆ ಮಾಡಲು ಹೋಗಿ ದಣಿಯುವ ಅಗತ್ಯವಿಲ್ಲ. ಕ್ರೂಸ್ ಹಡಗುಗಳು ದ್ವೀಪದ ದಕ್ಷಿಣ ಮಗ್ಗುಲಿನಲ್ಲಿ, ಕೊಕ್ಸನ್ ಹೋಲ್ ಊರಿನ ಕಟ್ಟೆಯಲ್ಲಿ ಅಥವಾ ಅದಕ್ಕಿಂತ ಪೂರ್ವದ ಇನ್ನೊಂದು ಕಟ್ಟೆಯಲ್ಲಿ ನಿಲ್ಲುತ್ತವೆ. ವೆಸ್ಟ್ ಬೇ ಇರುವುದು ದ್ವೀಪದ ಪಶ್ಚಿಮ ತುದಿಯಲ್ಲಿ. ಕೊಕ್ಸನ್ ಹೋಲ್‌ನಿಂದ ಕಾರಿನಲ್ಲಿ ಅರ್ಧ ಗಂಟೆಯೊಳಗಿನ ದಾರಿ. ಕಟ್ಟೆಯ ಗೇಟಿನ ಒಳಗೆ ನಿಂತಿರುವ ವಾಹನಗಳ ದರ ಹೆಚ್ಚು, ಗೇಟು ದಾಟಿ ರಸ್ತೆಗೆ ಬಂದರೆ ಕಡಿಮೆ. ಅಲ್ಲಿ ಮೀಟರ್ ಇಲ್ಲ. ಹಾಗಾಗಿ ಹತ್ತುವ ಮುನ್ನವೇ ಮೂರು ಸಂಗತಿಗಳನ್ನು ಸ್ಪಷ್ಟ ಮಾಡಿಕೊಳ್ಳಬೇಕು: ಹೇಳಿದ ದರ ತಲೆಗೋ ಇಡೀ ಕಾರಿಗೋ, ಹೋಗುವುದಕ್ಕೆ ಮಾತ್ರವೋ ಬರುವುದಕ್ಕೂ ಸೇರಿಯೋ, ಡಾಲರಿನಲ್ಲೋ ಅಲ್ಲಿಯ ಲೆಂಪಿರಾದಲ್ಲೋ. ಹೊಂಡುರಾಸಿನ ಭಾಷೆ ಸ್ಪ್ಯಾನಿಷ್ ಆದರೂ ಈ ದ್ವೀಪದವರು ತಲೆತಲಾಂತರದಿಂದ ಇಂಗ್ಲಿಷ್ ಆಡುವವರಾದ್ದರಿಂದ ಮಾತುಕತೆ ಸುಲಭ. ಹೋಗಿ ಬರುವ ಒಪ್ಪಂದವಾದರೆ ಪೂರ್ತಿ ಹಣವನ್ನು ಮರಳಿ ಕಟ್ಟೆಗೆ ಬಂದು ಇಳಿದ ಮೇಲೆ ಕೊಡಿರಿ. ಅಳಿಯಂದಿರು ಕಾರಿನ ನಂಬರ್ ಫಲಕದ ಫೋಟೊ ತೆಗೆದಿಟ್ಟುಕೊಳ್ಳಲಿ.

ವೆಸ್ಟ್ ಬೇ ದಂಡೆ ಸಾರ್ವಜನಿಕವಾದದ್ದು. ಹಿಂದಿನ ಹೋಟೆಲುಗಳ ಕುರ್ಚಿ, ಕೊಡೆ, ಸ್ನಾನದ ಮನೆ ಬೇಕಾದರೆ ಮಾತ್ರ ಅವರ ಒಂದು ದಿನದ ಪಾಸು ಕೊಳ್ಳಬೇಕು. ನೀವಿಬ್ಬರು ಹಿರಿಯರಿರುವುದರಿಂದ ನೆರಳು ಮತ್ತು ಶೌಚಾಲಯಕ್ಕಾಗಿ ಆ ಖರ್ಚು ಮಾಡುವುದು ಸರಿಯೇ; ಹಣ ಉಳಿಸುವ ಹಟದಲ್ಲಿ ಯಜಮಾನರನ್ನು ನಾಲ್ಕು ತಾಸು ಬಿಸಿಲಿನಲ್ಲಿ ಕೂರಿಸುವುದು ಬೇಡ. ದಂಡೆಯಲ್ಲಿ ಕಡಲಿಗೆ ಮುಖ ಮಾಡಿ ನಿಂತಾಗ ಎಡಕ್ಕೆ, ಅಂದರೆ ದಂಡೆ ಮುಗಿದು ಕಪ್ಪು ಬಂಡೆ ಶುರುವಾಗುವ ಕಡೆಗೆ ನಡೆಯಿರಿ. ಹವಳ ದಂಡೆಗೆ ಅತಿ ಹತ್ತಿರ ಬರುವುದು ಅಲ್ಲಿಯೇ. ಎದೆಮಟ್ಟದ ಮರಳಿನಿಂದ ಮುಖ ಕೆಳಗೆ ಮಾಡಿ ಕೆಲವು ಮಾರು ತೇಲಿದರೆ ಸಾಕು, ಬೀಸಣಿಗೆಯಂತೆ ತೂಗುವ ನೇರಳೆ ಕಡಲಬೀಸಣಿಗೆ, ಮೆದುಳಿನ ಮಡಿಕೆಗಳಂತಿರುವ ಗುಂಡು ಹವಳ, ಹಳದಿ ಮೈಗೆ ಕಪ್ಪು ಪಟ್ಟೆಯ ಸಾರ್ಜೆಂಟ್ ಮೇಜರ್ ಮೀನುಗಳ ಹಿಂಡು ಕಾಣತೊಡಗುತ್ತವೆ. ಹವಳವನ್ನು ಕೊಕ್ಕಿನಂಥ ಹಲ್ಲಿನಿಂದ ಕೆರೆಯುವ ಗಿಳಿಮೀನಿನ ಸದ್ದು ನೀರಿನೊಳಗೆ ಕರಕರ ಎಂದು ಕೇಳಿಸುತ್ತದೆ. ಅದು ನುಂಗಿದ ಸುಣ್ಣ ಹೊಟ್ಟೆಯಲ್ಲಿ ಪುಡಿಯಾಗಿ ಹೊರಬಂದು ನೀವು ನಿಂತ ಬಿಳಿ ಮರಳಾಗುತ್ತದೆ. ಇದನ್ನು ಮೊಮ್ಮಗನಿಗೆ ಮುಂಚೆಯೇ ಹೇಳಿಡಿ, ಅವನು ಆ ಸದ್ದನ್ನೇ ಹುಡುಕುತ್ತಾನೆ. ತೇಲುಬೆಂಡುಗಳ ಹಗ್ಗ ಕಟ್ಟಿದ ಗಡಿಯನ್ನು ಮಾತ್ರ ಯಾರೂ ದಾಟಬಾರದು, ಅದರಾಚೆ ದೋಣಿಗಳು ವೇಗವಾಗಿ ಓಡಾಡುತ್ತವೆ. ಬೆಳಿಗ್ಗೆ ಬೇಗ ಹೋಗುವುದು ಲೇಸು. ಮಧ್ಯಾಹ್ನದ ಹೊತ್ತಿಗೆ ನಾಲ್ಕಾರು ನೂರು ಜನ ಮರಳನ್ನು ತುಳಿದು ನೀರು ಮಸುಕಾಗಿರುತ್ತದೆ. ದಂಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮರಳುನೊಣಗಳು ಕಾಲಿಗೆ ಕಚ್ಚುತ್ತವೆ. ನೀರಿನಿಂದ ಎದ್ದ ಮೇಲೆ ಬರಿಮರಳಿನ ಮೇಲೆ ಮಲಗದೆ ಕುರ್ಚಿಯಲ್ಲಿ ಕೂತರೆ ಕಾಟ ಕಡಿಮೆ.

ವೆಸ್ಟ್ ಬೇ ಜನಜಂಗುಳಿ ಬೇಡವೆನಿಸಿದರೆ ಪಕ್ಕದ ವೆಸ್ಟ್ ಎಂಡ್ ಎಂಬ ಹಳ್ಳಿಯ ಹಾಫ್ ಮೂನ್ ಬೇ ಇದೆ. ಎರಡರ ನಡುವೆ ಚಿಕ್ಕ ದೋಣಿಗಳು ಬಾಡಿಗೆಗೆ ಓಡುತ್ತವೆ. 2005ರಲ್ಲಿ ಸ್ಥಳೀಯರು ಕಟ್ಟಿದ ರೊವಾಟಾನ್ ಮರೀನ್ ಪಾರ್ಕ್ ಎಂಬ ಸಂಸ್ಥೆ ಆ ಹವಳವನ್ನು ಕಾಯುತ್ತಿದೆ.

ಕೋಸ್ಟಾ ಮಾಯಾ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಹಡಗು ನಿಲ್ಲುವ ಕಟ್ಟೆಯಿಂದ ಮಹವಾಲ್ ಎಂಬ ಮೀನುಗಾರರ ಊರಿಗೆ ಟ್ಯಾಕ್ಸಿಯಲ್ಲಿ ಕೆಲವೇ ನಿಮಿಷ. 2007ರ ಡೀನ್ ಚಂಡಮಾರುತ ಈ ಊರನ್ನು ನೆಲಸಮ ಮಾಡಿತ್ತು, ಈಗ ಕಡಲಂಚಿಗೆ ಚೊಕ್ಕವಾದ ನಡಿಗೆದಾರಿ ಇದೆ. ಹವಳಸಾಲು ದಂಡೆಯಿಂದ ದೂರದಲ್ಲಿ ಗೋಡೆಯಂತಿದ್ದು, ಈಚೆಯ ನೀರು ಆಳವಿಲ್ಲದ ಹುಲ್ಲುಗಾವಲು. ಮಕ್ಕಳು ಆಡಲು ಅದು ಒಳ್ಳೆಯದು, ಹವಳ ನೋಡಲು ದೋಣಿಯೇ ಬೇಕು. ಬೇಸಿಗೆಯಲ್ಲಿ ಸರ್ಗಾಸಮ್ ಎಂಬ ಕಂದು ಕಡಲಕಳೆ ರಾಶಿರಾಶಿಯಾಗಿ ಬಂದು ಕೊಳೆಯುವ ತೊಂದರೆ ಡಿಸೆಂಬರಿನಲ್ಲಿ ಕಡಿಮೆ. ಆ ದಿನವನ್ನು ನಡಿಗೆಗೂ ವಿಶ್ರಾಂತಿಗೂ ಇಟ್ಟುಕೊಳ್ಳಿರಿ.

ಕೊಝುಮೆಲ್‌ನಲ್ಲಿ ಮೂರು ಕ್ರೂಸ್ ಕಟ್ಟೆಗಳಿವೆ. ಒಂದು ಸಾನ್ ಮಿಗೆಲ್ ಪಟ್ಟಣದ ನಡುವೆಯೇ, ಇನ್ನೆರಡು ಅದರ ದಕ್ಷಿಣಕ್ಕೆ. ಮೂರೂ ಪಶ್ಚಿಮ ದಂಡೆಯಲ್ಲಿವೆ. ಟ್ಯಾಕ್ಸಿಗಳಿಗೆ ಮೀಟರ್ ಇಲ್ಲದಿದ್ದರೂ ಯಾವ ಭಾಗಕ್ಕೆ ಎಷ್ಟು ಎಂಬ ದರಪಟ್ಟಿ ನಿಗದಿಯಾಗಿದೆ, ಕಟ್ಟೆಯ ಹೊರಗಿನ ಫಲಕದಲ್ಲಿ ಅದನ್ನು ಓದಿಕೊಂಡೇ ಹತ್ತಬೇಕು. ಸಾಮಾನ್ಯವಾಗಿ ಅದು ನಾಲ್ವರ ತನಕ ಒಂದು ಕಾರಿಗೆ ಹಾಕಿದ ದರವಾದ್ದರಿಂದ, ಐದನೆಯವರಿಗೆ ಎಷ್ಟು ಎಂದು ಕೇಳುವುದನ್ನು ಮರೆಯಬೇಡಿರಿ. ಇಲ್ಲಿ ಜಾಹೀರಾತಿನ ಹೆಸರುಗಳಿಂದ ಮೋಸಹೋಗುವವರು ಬಹಳ. ಪಲಂಕಾರ್, ಕೊಲಂಬಿಯಾ, ಎಲ್ ಸಿಯೆಲೊ ಎಂಬವು ಲೋಕಪ್ರಸಿದ್ಧ ಜಾಗಗಳೇ, ಆದರೆ ಅವಕ್ಕೆ ದೋಣಿಯಲ್ಲೇ ಹೋಗಬೇಕು. ಪಲಂಕಾರ್ ಹೆಸರಿನ ಮರಳುದಂಡೆಯೂ ಉಂಟು. ಆ ದಂಡೆಯಲ್ಲಿ ಇಳಿದವರಿಗೆ ಪಲಂಕಾರ್ ಹವಳ ಕಾಣುವುದಿಲ್ಲ. ದಂಡೆಯಿಂದಲೇ ನೋಡಲು ನಾನು ಹೇಳುವುದು ಝುಲ್-ಹಾ ಎಂಬ ಜಾಗ. ಅದು ಕಟ್ಟೆಗಳ ದಕ್ಷಿಣಕ್ಕೆ, ಚಂಕನಾಬ್ ಉದ್ಯಾನಕ್ಕಿಂತ ಮೊದಲೇ ಬರುತ್ತದೆ. ಚಂಕನಾಬ್ ಕೂಡ ಒಳ್ಳೆಯ ಜಾಗವೇ, ಆದರೆ ಅದರ ಪ್ರವೇಶಧನ ಹೆಚ್ಚು. ಒಳಗಿನ ತೋಟವನ್ನೂ ನೋಡುವವರಿಗೆ ಅದು ಸರಿಹೋದೀತು. ಈ ಭಾಗದ ಹವಳವೆಲ್ಲ 1996ರಿಂದ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದೆ.

ಮೆಕ್ಸಿಕೊದ ಕಾನೂನಿನಂತೆ ಕಡಲದಂಡೆ ಎಲ್ಲರ ಸೊತ್ತು. ಆದರೆ ಅಲ್ಲಿಗೆ ತಲುಪುವ ದಾರಿ ಬಹಳ ಕಡೆ ಊಟದ ಅಂಗಡಿಗಳ ಅಂಗಳದ ಮೂಲಕವೇ ಹಾದುಹೋಗುವುದರಿಂದ, ಅವರು ಪ್ರವೇಶಕ್ಕೆ ಬದಲಾಗಿ ಇಷ್ಟು ಮೊತ್ತದ ತಿಂಡಿ-ಪಾನೀಯ ಕೊಳ್ಳಬೇಕೆಂದು ಕೇಳುತ್ತಾರೆ. ಅದು ಅನ್ಯಾಯವೇನಲ್ಲ, ಮಧ್ಯಾಹ್ನದ ಊಟ ಹೇಗೂ ಆಗಬೇಕು. ಅಕ್ಕಿ, ಕಪ್ಪು ಹುರುಳಿಯಂಥ ಕಾಳು, ಮೆಕ್ಕೆಜೋಳದ ತೆಳು ರೊಟ್ಟಿ ಸಸ್ಯಾಹಾರಿಗಳಿಗೂ ಸಿಗುತ್ತದೆ; ಕಾಳನ್ನು ಹಂದಿಯ ಕೊಬ್ಬಿನಲ್ಲಿ ಬೇಯಿಸುವ ರೂಢಿ ಇರುವುದರಿಂದ ಕೇಳಿ ತರಿಸಿಕೊಳ್ಳಿರಿ.

ಕೊಝುಮೆಲ್‌ನಲ್ಲಿ ಗಮನಿಸಲೇಬೇಕಾದದ್ದು ಸೆಳವು. ಪಶ್ಚಿಮ ದಂಡೆಯ ಉದ್ದಕ್ಕೂ ನೀರು ಸಾಮಾನ್ಯವಾಗಿ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ. ನನ್ನ ಮೊದಲ ಸಲದ ಪ್ರಯಾಣದಲ್ಲಿ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ನಾನೂ ತಮ್ಮನೂ ದಂಡೆಯಿಂದ ನೀರಿಗಿಳಿಯುವ ಮೆಟ್ಟಿಲಿನಿಂದ ಇಳಿದು ಮೀನಿನ ಹಿಂಡೊಂದರ ಬೆನ್ನು ಹತ್ತಿ ಉತ್ತರಕ್ಕೆ ತೇಲಿದೆವು. ಹತ್ತು ನಿಮಿಷದ ಮೇಲೆ ತಲೆ ಎತ್ತಿದರೆ ಮೆಟ್ಟಿಲು ಕಾಣದಷ್ಟು ದೂರ ಬಂದಿದ್ದೆವು, ಎದುರೀಜಿ ಮರಳುವುದು ಸಾಧ್ಯವಾಗಲಿಲ್ಲ. ಚೂರಿಯಂತೆ ಹರಿತವಾದ ಸುಣ್ಣಕಲ್ಲಿನ ದಂಡೆಯನ್ನು ಹತ್ತಿ ಬರಿಗಾಲಿನಲ್ಲಿ ನಡೆದು ಬರಬೇಕಾಯಿತು, ತಮ್ಮನ ಅಂಗಾಲು ಎರಡು ಕಡೆ ಸೀಳಿತು. ಆದ್ದರಿಂದ ನೀರಿಗಿಳಿಯುವ ಮುನ್ನ ಎಲೆಯನ್ನೋ ನೊರೆಯನ್ನೋ ಎರಡು ನಿಮಿಷ ನೋಡಿ ಸೆಳವಿನ ದಿಕ್ಕು ತಿಳಿಯಿರಿ; ಮೊದಲು ಅದಕ್ಕೆ ಎದುರಾಗಿ ಹೋಗಿರಿ, ದಣಿವಾದಾಗ ನೀರೇ ನಿಮ್ಮನ್ನು ಮೆಟ್ಟಿಲಿಗೆ ತಂದು ಮುಟ್ಟಿಸುತ್ತದೆ. ವರದೆಯಲ್ಲಿ ಈಜಿದ ನಿಮಗೆ ಈ ಮಾತು ಹೊಸದಲ್ಲ. ನದಿಯ ಸೆಳವು ಕಣ್ಣಿಗೆ ಕಾಣುತ್ತದೆ, ಕಡಲಿನದು ಕಾಣುವುದಿಲ್ಲ, ವ್ಯತ್ಯಾಸ ಅಷ್ಟೆ. ಕಾಲಿಗೆ ರಬ್ಬರ್ ತಳದ ನೀರುಬೂಟು ಐವರಿಗೂ ಬೇಕು.

ಡಿಸೆಂಬರಿನಲ್ಲಿ ಇನ್ನೊಂದು ಸಂಗತಿ ಇದೆ. ಪೂರ್ವದ ಗಾಳಿ ನಿಂತು, ಉತ್ತರದಿಂದ ತಣ್ಣನೆಯ ಬಿರುಗಾಳಿ ಒಂದೆರಡು ದಿನ ನುಗ್ಗುವುದುಂಟು; ಅಲ್ಲಿಯವರು ಅದನ್ನು ನೋರ್ಟೆ ಎನ್ನುತ್ತಾರೆ. ಆಗ ಮರೆಯಲ್ಲಿದ್ದ ದಂಡೆಗಳೇ ಅಲೆಗೆ ಸಿಗುತ್ತವೆ, ಕೊಝುಮೆಲ್ ಬಂದರನ್ನು ಮುಚ್ಚುವುದೂ ಇದೆ, ಹಡಗು ಆ ಊರನ್ನು ಬಿಟ್ಟು ಮುಂದೆ ಹೋಗುತ್ತದೆ. ಹಾಗಾಗಿ ಯಾವ ದಂಡೆಯ ಪಾಸಿಗೂ ಮರಳಿಸದಂಥ ಮುಂಗಡ ಕೊಡಬೇಡಿರಿ. ದಂಡೆಗೆ ಹೋದ ಮೇಲೆ ಅಲೆ ಬಿಳಿ ನೊರೆಯಾಗಿ ಒಡೆಯುತ್ತಿದ್ದರೆ, ಅಥವಾ ಕಾವಲಿನವರು ಕೆಂಪು ಬಾವುಟ ಹಾರಿಸಿದ್ದರೆ, ಟ್ಯಾಕ್ಸಿಯ ದುಡ್ಡು ಹೋಯಿತೆಂದು ಮರುಗದೆ ನೀರಿಗೆ ಇಳಿಯದೆ ಬನ್ನಿರಿ.

ನೀವೇ ಹೋದಾಗ ಹಡಗು ನಿಮಗಾಗಿ ಕಾಯುವುದಿಲ್ಲ. ಹಡಗಿನವರ ಪ್ರವಾಸ ತಡವಾದರೆ ಅವರು ಕಾಯುತ್ತಾರೆ. ಅವರ ಹೆಚ್ಚಿನ ದರದಲ್ಲಿ ಈ ಭರವಸೆಯ ಬೆಲೆಯೂ ಸೇರಿದೆ ಎಂಬುದನ್ನು ಒಪ್ಪಬೇಕು. ಎಲ್ಲರೂ ಹಡಗಿನಲ್ಲಿರಬೇಕಾದ ಸಮಯಕ್ಕಿಂತ ಎರಡು ತಾಸು ಮೊದಲೇ ಕಟ್ಟೆಗೆ ಮರಳುವಂತೆ ಯೋಜಿಸಿರಿ. ಇಲ್ಲಿ ಗಡಿಯಾರದ ತೊಡಕೊಂದಿದೆ. ಕೊಝುಮೆಲ್, ಕೋಸ್ಟಾ ಮಾಯಾ ಇರುವ ಕಿಂತಾನಾ ರೂ ರಾಜ್ಯ 2015ರಿಂದ ವರ್ಷವಿಡೀ ಒಂದೇ ಸಮಯ ಪಾಲಿಸುತ್ತದೆ. ಚಳಿಗಾಲದಲ್ಲಿ ಅದು ಗ್ಯಾಲ್ವೆಸ್ಟನ್‌ಗಿಂತ ಒಂದು ಗಂಟೆ ಮುಂದು. ರೊವಾಟಾನ್ ಆಗ ಗ್ಯಾಲ್ವೆಸ್ಟನ್‌ಗೆ ಸಮ. ಮೊಬೈಲು ತಾನೇ ಸ್ಥಳೀಯ ಸಮಯಕ್ಕೆ ಬದಲಾಗುತ್ತದೆ, ಕೈಗಡಿಯಾರ ಹಳೆಯ ಸಮಯದಲ್ಲೇ ಇರುತ್ತದೆ. ಹಡಗು ತನ್ನ ಗಡಿಯಾರವನ್ನು ಮುಂದಕ್ಕೆ ತಿರುಗಿಸಿದ್ದರೆ ಕೈಗಡಿಯಾರ ನಂಬಿದವರು ಒಂದು ಗಂಟೆ ತಡವಾಗಿ ಬಂದು ಖಾಲಿ ಕಟ್ಟೆಯನ್ನು ನೋಡಬೇಕಾಗುತ್ತದೆ. ಇಳಿಯುವ ಬಾಗಿಲಿನಲ್ಲಿ ಬರೆದಿರುವ ಹಡಗಿನ ಸಮಯಕ್ಕೆ ನಿಮ್ಮ ಕೈಗಡಿಯಾರವನ್ನು ಹೊಂದಿಸಿಕೊಂಡು, ದಿನವಿಡೀ ಅದೊಂದನ್ನೇ ನೋಡಿರಿ. ಹೊರಡುವ ಮುನ್ನ ವೀಸಾವನ್ನೂ ಪರೀಕ್ಷಿಸಿ: ಅಮೆರಿಕ ಬಿಟ್ಟು ಮರಳಿ ಪ್ರವೇಶಿಸುವುದರಿಂದ ನಿಮ್ಮಿಬ್ಬರದು ಹಲವು ಪ್ರವೇಶದ ವೀಸಾ ಆಗಿರಬೇಕು. ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದವರಿಗೆ ಮೆಕ್ಸಿಕೊ ಪ್ರತ್ಯೇಕ ವೀಸಾ ಕೇಳುವುದಿಲ್ಲ. ಹೊಂಡುರಾಸಿನ ನಿಯಮವನ್ನು ಹಡಗಿನ ಕಂಪನಿಯಿಂದ ಬರಹದಲ್ಲಿ ಪಡೆದಿಟ್ಟುಕೊಳ್ಳಿರಿ.

ಇನ್ನು ಧಾರವಾಡದಲ್ಲಿ ಆಗಬೇಕಾದ ಕೆಲಸ. ಮಾಸ್ಕು ಮತ್ತು ಉಸಿರುಕೊಳವೆಯನ್ನು ಇಲ್ಲಿಯೇ ಕೊಳ್ಳಿರಿ, ಮಗಳ ಮನೆಯವರೂ ಅಲ್ಲಿ ಕೊಂಡುಕೊಳ್ಳಲಿ. ಅಲ್ಲಿಯ ದಂಡೆಗಳಲ್ಲಿ ಮಾಸ್ಕು, ಕೊಳವೆ, ಕಾಲಿಗೆ ಹಾಕುವ ರಬ್ಬರ್ ರೆಕ್ಕೆ (ಫಿನ್) ಸೇರಿ ಬಾಡಿಗೆ ತಲೆಗೆ ಸುಮಾರು 10 ಡಾಲರ್ ಆಗುತ್ತದೆ. ಬೆಲೆಗಿಂತ ಮುಖ್ಯವಾದ ಕಾರಣವೆಂದರೆ ಸಾವಿರ ಜನ ಬಳಸಿದ ಮಾಸ್ಕು ನಿಮ್ಮ ಮುಖಕ್ಕೆ ಕೂರುವ ಖಾತ್ರಿಯಿಲ್ಲ, ಮತ್ತು ಸೋರುವ ಮಾಸ್ಕು ಒಳ್ಳೆಯ ಈಜುಗಾರರನ್ನೂ ಗಾಬರಿಗೊಳಿಸುತ್ತದೆ. ಅಂಗಡಿಯಲ್ಲಿ ಪಟ್ಟಿಯನ್ನು ಹಾಕದೆ ಮಾಸ್ಕನ್ನು ಬರಿದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರೆಳೆದು ಕೈ ಬಿಡಿರಿ. ಬೀಳದೆ ಅಂಟಿಕೊಂಡಿದ್ದರೆ ಅದು ನಿಮ್ಮದು. ಯಜಮಾನರಿಗೆ ಮೀಸೆ ಇದ್ದರೆ ಮೂಗಿನ ಕೆಳಗೆ ತೆಳುವಾದ ಒಂದು ಗೆರೆಯಷ್ಟು ಬೋಳಿಸಬೇಕಾಗುತ್ತದೆ, ಕೂದಲಿನ ಸಂದಿನಿಂದಲೇ ನೀರು ನುಗ್ಗುವುದು. ಕನ್ನಡಕದ ಮೇಲೆ ಮಾಸ್ಕು ಕೂರುವುದಿಲ್ಲ; ಕಣ್ಣಿನ ನಂಬರಿಗೆ ತಕ್ಕ ಗಾಜು ಕೂರಿಸಿದ ಮಾಸ್ಕುಗಳು ಸಿಗುತ್ತವೆ. ನೀರಿನೊಳಗೆ ವಸ್ತುಗಳು ಸುಮಾರು ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುವುದರಿಂದ ಕಡಿಮೆ ನಂಬರಿನವರಿಗೆ ಅದೂ ಬೇಕಾಗಲಾರದು. ಹೊಸ ಗಾಜಿನ ಮೇಲೆ ತಯಾರಿಕೆಯ ಜಿಡ್ಡಿನ ಪೊರೆ ಇರುತ್ತದೆ, ಬಿಳಿ ಟೂತ್‌ಪೇಸ್ಟಿನಿಂದ ಒಳಮೈಯನ್ನು ಎರಡು ಮೂರು ಸಲ ಉಜ್ಜಿ ತೊಳೆಯದಿದ್ದರೆ ಮಂಜು ಕಟ್ಟುತ್ತದೆ. ಇಡೀ ಮುಖ ಮುಚ್ಚುವ ಹೊಸ ಬಗೆಯ ಮಾಸ್ಕನ್ನು ಕೊಳ್ಳಬೇಡಿರಿ. ಬಿಟ್ಟ ಉಸಿರು ಒಳಗೇ ಉಳಿಯುವ ಅಪಾಯ ಅದರಲ್ಲಿದೆ, ಗಾಬರಿಯಾದಾಗ ಥಟ್ಟನೆ ತೆಗೆಯುವುದೂ ಕಷ್ಟ.

ಮೊದಲ ಪಾಠ ಬಕೆಟ್ಟಿನಲ್ಲಿ. ಸ್ಟೂಲಿನ ಮೇಲೆ ಕೂತು, ಮಾಸ್ಕು ಹಾಕಿ, ಕೊಳವೆ ಕಚ್ಚಿ, ತುಂಬಿದ ಬಕೆಟ್ಟಿನೊಳಗೆ ಮುಖವಿಟ್ಟು ಬಾಯಿಯಿಂದ ನಿಧಾನವಾಗಿ ಉಸಿರಾಡಿರಿ. ಮೂಗು ಮುಚ್ಚಿದಾಗ ಮೈ ಕ್ಷಣಹೊತ್ತು ಬೆದರುತ್ತದೆ. ಆ ಬೆದರು ಬಚ್ಚಲಮನೆಯಲ್ಲೇ ಕಳೆಯಲಿ. ದಿನಕ್ಕೆ ಹತ್ತು ನಿಮಿಷದಂತೆ ವಾರ ಮಾಡಿದ ಮೇಲೆ ಈಜುಕೊಳದ ಸೊಂಟಮಟ್ಟದ ನೀರಿಗೆ ಬನ್ನಿರಿ. ಕೊಳವೆಗೆ ನೀರು ಹೊಕ್ಕರೆ, ಒಲೆ ಉರಿಸುವಾಗ ಊದುಗೊಳವೆಗೆ ಊದುತ್ತಿದ್ದೆವಲ್ಲ, ಹಾಗೆ ಒಂದೇ ಬಿರುಸಿನಲ್ಲಿ ಫೂ ಎಂದು ಊದಿ ಹೊರಹಾಕಬೇಕು. ನಮ್ಮ ಕಡೆ ನದಿ, ಬಾವಿಗಳಲ್ಲಿ ಈಜು ಕಲಿತವರಿಗೆ ತಲೆಯನ್ನು ನೀರಿನ ಮೇಲೆತ್ತಿ ಈಜುವ ಅಭ್ಯಾಸ ಬೇರೂರಿರುತ್ತದೆ, ನಿಮಗೂ ಇರಬಹುದು. ಸ್ನಾರ್ಕೆಲಿಂಗಿಗೆ ಅದು ಅಡ್ಡಿ: ತಲೆ ಎತ್ತಿದರೆ ಕಾಲು ಕೆಳಗಿಳಿಯುತ್ತದೆ, ಕಾಲು ಹವಳಕ್ಕೆ ತಗಲುತ್ತದೆ. ಕತ್ತನ್ನು ಸಡಿಲ ಬಿಟ್ಟು, ಮೈಯನ್ನು ಚಾಪೆಯಂತೆ ಹಾಸಿ, ಸೊಂಟದಿಂದ ಕಾಲನ್ನು ಮೆಲ್ಲನೆ ಆಡಿಸಬೇಕು. ಉಪ್ಪುನೀರು ನದಿನೀರಿಗಿಂತ ಸಾಂದ್ರವಾದ್ದರಿಂದ ತೇಲುವುದು ಅಲ್ಲಿ ಇನ್ನೂ ಸುಲಭ. ದಣಿದಾಗ ಅಂಗಾತ ಹೊರಳಿ ಆಕಾಶ ನೋಡುತ್ತ ವಿಶ್ರಮಿಸುವುದನ್ನು ಐವರೂ ಕಣ್ಣು ಮುಚ್ಚಿ ಮಾಡುವಷ್ಟು ರೂಢಿಸಿಕೊಳ್ಳಿರಿ.

ಉಡುಪಿನ ಬಗ್ಗೆ ನೀವು ಕೇಳಿಲ್ಲ, ಆದರೆ ನನ್ನ ತಂಡಗಳ ಹೆಣ್ಣುಮಕ್ಕಳೆಲ್ಲ ಸಂಕೋಚದಿಂದ ಕೇಳುವುದು ಅದನ್ನೇ. ಕಣಕಾಲಿನವರೆಗಿನ ಲೆಗ್ಗಿಂಗ್ ಮತ್ತು ಮಣಿಕಟ್ಟಿನವರೆಗಿನ, ರಾಶ್ ಗಾರ್ಡ್ ಎಂಬ ಮೈಗಂಟುವ ಈಜು ಅಂಗಿ ಹಾಕಿಕೊಳ್ಳಿರಿ. ತಾಸುಗಟ್ಟಲೆ ಬೋರಲು ತೇಲುವಾಗ ಬೆನ್ನು, ಹೆಗಲು, ಮೊಣಕಾಲಿನ ಹಿಂಭಾಗ ಸುಟ್ಟು ಕೆಂಪಾಗುವುದನ್ನು ಅದು ತಡೆಯುತ್ತದೆ, ಬಿಸಿಲಿನ ಕ್ರೀಮು ಬೇಕಾಗುವುದಿಲ್ಲ. ಕೊಝುಮೆಲ್ ಉದ್ಯಾನದ ನೀರಿಗೆ ಆ ಕ್ರೀಮು ಹಚ್ಚಿಕೊಂಡು ಇಳಿಯಲು ಬಿಡುವುದೂ ಇಲ್ಲ. ಸಡಿಲವಾದ ಹತ್ತಿಬಟ್ಟೆ ಮಾತ್ರ ಬೇಡ, ಅದು ನೀರು ಕುಡಿದು ಭಾರವಾಗಿ ಕೈಕಾಲಿಗೆ ಸುತ್ತಿಕೊಳ್ಳುತ್ತದೆ.

ಹವಳವನ್ನು ಯಾರೂ ಮುಟ್ಟದಂತೆ, ಅದರ ಮೇಲೆ ನಿಲ್ಲದಂತೆ ನೋಡಿಕೊಳ್ಳಿರೆಂದು ಕೈಮುಗಿದು ಕೇಳುತ್ತೇನೆ. ಅದು ಕಲ್ಲಿನಂತೆ ಕಂಡರೂ ಜೀವಿಗಳ ಊರು. ಮೆದುಳು ಹವಳ ವರ್ಷಕ್ಕೆ ಬೆಳೆಯುವುದು ಕೆಲವೇ ಮಿಲಿಮೀಟರ್. ಒಂದು ಒದೆತಕ್ಕೆ ಮುರಿದ ತುಂಡು ನಿಮ್ಮ ಮೊಮ್ಮಗನ ವಯಸ್ಸಿಗಿಂತ ಹಳೆಯದಿರುತ್ತದೆ. 2014ರಲ್ಲಿ ಫ್ಲಾರಿಡಾದಲ್ಲಿ ಮೊದಲು ಕಂಡ ಹವಳದ ಅಂಗಾಂಶ ಕಳಚುವ ರೋಗ 2018ರಲ್ಲಿ ಮೆಕ್ಸಿಕೊದ ಈ ದಂಡೆಗೂ 2020ರಲ್ಲಿ ರೊವಾಟಾನ್‌ಗೂ ಬಂತು, 2023ರ ಕಡಲ ಬಿಸಿಗೆ ಬಹಳಷ್ಟು ಹವಳ ಬಿಳಿಚಿಕೊಂಡಿತು. ಹಳೆಯ ಫೋಟೊಗಳಲ್ಲಿ ಕಂಡಷ್ಟು ಬಣ್ಣ ನಿಮಗೆ ಕಾಣದಿದ್ದರೆ ಕಾರಣ ಇದು. ಉಳಿದದ್ದು ನೋಡಲು ಈಗಲೂ ಯೋಗ್ಯವಾಗಿದೆ, ಅದಕ್ಕಾಗಿಯೇ ಅದರ ಮೇಲೆ ಇನ್ನೊಂದು ಗಾಯ ಬೀಳಬಾರದು.

ಲೆಕ್ಕಕ್ಕೆ ಬಂದರೆ, ಹಡಗಿನವರ ದರದಲ್ಲಿ ಐವರಿಗೆ ಒಂದು ಬಂದರಿಗೆ 395 ಡಾಲರ್, ಮೂರೂ ಕಡೆಯಾದರೆ 1,185. ನಿಮ್ಮದೇ ಮಾಸ್ಕುಗಳಿದ್ದು, ರೊವಾಟಾನ್‌ನಲ್ಲಿ ಕಾರು ಮತ್ತು ದಂಡೆಯ ಪಾಸಿಗೆ, ಕೊಝುಮೆಲ್‌ನಲ್ಲಿ ಟ್ಯಾಕ್ಸಿ ಮತ್ತು ಊಟಕ್ಕೆ ಕೊಟ್ಟರೂ ಎರಡು ದಿನದ ಒಟ್ಟು ಖರ್ಚು ಅವರ ಒಂದು ದಿನದ ದರದ ಒಳಗೇ ಮುಗಿಯುತ್ತದೆ. ಉಳಿದುದರಲ್ಲಿ ಒಳ್ಳೆಯ ಗುಣಮಟ್ಟದ ತೇಲುಜಾಕೆಟ್ ಕೊಳ್ಳಿರಿ. ಮೊಮ್ಮಗನಿಗೆ, ಅವನು ಎಷ್ಟೇ ಚೆನ್ನಾಗಿ ಈಜಿದರೂ, ಜಾಕೆಟ್ ಕಡ್ಡಾಯ. ಅಳಿಯಂದಿರು ಅವನ ಕೈಯಳತೆಯಲ್ಲೇ ಇರಬೇಕು.

ಯಜಮಾನರ ವಿಷಯವನ್ನು ಕೊನೆಗೆ ಇಟ್ಟುಕೊಂಡೆ, ಏಕೆಂದರೆ ಅದಕ್ಕೆ ಬೇರೆಯದೇ ಉತ್ತರವಿದೆ. ನೀರಿನಲ್ಲಿ ಮುಳುಗಿದಾಗ ಕಾಲಿನ ರಕ್ತ ಎದೆಯ ಕಡೆಗೆ ಸರಿದು ಹೃದಯಕ್ಕೆ ಕೆಲಸ ಹೆಚ್ಚುತ್ತದೆ, ಕೊಳವೆಯ ಮೂಲಕ ಉಸಿರೆಳೆಯುವ ಶ್ರಮ ಅದರ ಮೇಲೆ ಸೇರುತ್ತದೆ. ಬಿ.ಪಿ. ಇರುವ 66ರ ಹರೆಯದವರು ತಮ್ಮ ವೈದ್ಯರಿಗೆ ಈ ಮಾತನ್ನೇ ಹೀಗೆಯೇ ಹೇಳಿ ಒಪ್ಪಿಗೆ ಪಡೆಯಬೇಕು. ಒಪ್ಪಿಗೆ ಸಿಕ್ಕರೂ ಈಜು ಬಾರದವರನ್ನು ಆಳದ ಮೇಲೆ ಕರೆದೊಯ್ಯಬೇಡಿರಿ. ರೊವಾಟಾನ್‌ನಲ್ಲಿ ಅವರು ಎದೆಮಟ್ಟದ ಮರಳಿನ ಮೇಲೆ ಜಾಕೆಟ್ ಹಾಕಿ ನಿಂತು, ನೀವು ಕೈ ಹಿಡಿದಿರುವಾಗ ಮುಖವನ್ನಷ್ಟೇ ನೀರಿಗಿಡಲಿ. ಕೊಝುಮೆಲ್‌ನಲ್ಲಿ ನೀರಿಗಿಳಿಯುವ ಮೆಟ್ಟಿಲಿನ ಕೆಳಗಿನ ಪಾವಟಿಗೆಯಲ್ಲಿ ಕೂತು, ಎರಡೂ ಕೈಯಲ್ಲಿ ಕಟಾಂಜನ ಹಿಡಿದು ಮಾಸ್ಕಿನೊಳಗಿನಿಂದ ಕೆಳಗೆ ನೋಡಿದರೆ ಸಾಕು. ಆ ಮೆಟ್ಟಿಲಿನ ನೆರಳಿನಲ್ಲೇ ಮೀನುಗಳು ಗುಂಪುಗೂಡಿರುತ್ತವೆ, ಕದಲದೆ ಕೂತವರ ಮೊಣಕಾಲಿನ ಹತ್ತಿರಕ್ಕೇ ಬರುತ್ತವೆ.